ಲಿಟ್ಮಸ್ಸೂ ಕತ್ತಿಯೂ

ಹತ್ತನೇ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠ ಕೊಡಗಿನಲ್ಲಿ ಬರುವುದೇ ಮಳೆ ಜೋರಾಗಿರುವ ಹೊತ್ತಿಗೆ. ಸೋಮವಾರಪೇಟೆ ಕಡೆಯ ನಮ್ಮ ಶಾಲೆಯಲ್ಲಿ ಆಗ ಮಧ್ಯಾಹ್ನವೇ ಕತ್ತಲು, ಕರೆಂಟ್ ಬಂದರೆ ಪುಣ್ಯ. ಎರಡು ಮಳೆ ರಜೆಗಳ ನಡುವೆ ಸಿಕ್ಕ ಒಂದು ದಿನ ಲವಣ ತಯಾರಿಸಿ ತೋರಿಸೋಣ ಎಂದು ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆದೆ. ಅಡುಗೆ ಉಪ್ಪನ್ನೇ ಮಾಡಬಹುದಿತ್ತು. ಆದರೆ ಬಣ್ಣ ಕಾಣದಿದ್ದರೆ ಹಿಂದಿನ ಬೆಂಚಿನವರು ಕಿಟಕಿ ಕಡೆ ತಿರುಗುತ್ತಾರೆ. ಅದಕ್ಕೇ ತಾಮ್ರದ ಸಲ್ಫೇಟ್ ಆರಿಸಿಕೊಂಡೆ.

ಬೀಕರಿನಲ್ಲಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, ಕೆಳಗೆ ಸ್ಪಿರಿಟ್ ದೀಪ. ಬೆಚ್ಚಗಾದ ಆಮ್ಲಕ್ಕೆ ತಾಮ್ರದ ಆಕ್ಸೈಡಿನ ಕಪ್ಪು ಪುಡಿ ಹಾಕಿ ಕಲಕಿದರೆ ಮೊದಲು ಕೆಸರಿನಂತೆ ಕಾಣುತ್ತದೆ. ಆಮೇಲೆ ಗಾಜಿನ ಅಂಚಿನಲ್ಲಿ ನೀಲಿ ಇಣುಕುತ್ತದೆ. ಪುಡಿ ಕರಗಿದಷ್ಟೂ ಸೇರಿಸುತ್ತಾ ಹೋಗಬೇಕು. ಕೊನೆಗೆ ಎಷ್ಟು ಕಲಕಿದರೂ ತಳದಲ್ಲಿ ಕಪ್ಪು ಉಳಿಯಿತೆಂದರೆ ಆಮ್ಲವೆಲ್ಲ ಖರ್ಚಾಯಿತು ಎಂದರ್ಥ. ಸೋಸಿದಾಗ ಕೆಳಗಿಳಿದ ನೀಲಿಗೆ ತರಗತಿ ಒಮ್ಮೆ ‘ಹಾ’ ಎಂದಿತು.

ಒಬ್ಬಳು ಕೇಳದೇ, ಆಮ್ಲ ತಾಗಿದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದ ಅದ್ದಿದಳು. ಕೆಂಪಾಯಿತು.

“ಟೀಚರ್, ಆಮ್ಲ ಖಾಲಿ ಆಯ್ತು ಅಂದ್ರಲ್ಲ?”

ಪ್ರಶ್ನೆ ನ್ಯಾಯವಾದದ್ದೇ. ಆಮ್ಲವೂ ಪ್ರತ್ಯಾಮ್ಲವೂ ಸೇರಿ ಲವಣ ಆಗುತ್ತದೆ, ಲವಣ ತಟಸ್ಥ ಎಂದು ಮಕ್ಕಳ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಸಲ್ಫ್ಯೂರಿಕ್ ಪ್ರಬಲ ಆಮ್ಲ, ತಾಮ್ರದ ಹೈಡ್ರಾಕ್ಸೈಡ್ ದುರ್ಬಲ ಪ್ರತ್ಯಾಮ್ಲ. ಇಂಥ ಜೋಡಿಯ ಲವಣ ನೀರಲ್ಲಿ ಕರಗಿದಾಗ ಹುಳಿ ಗುಣವನ್ನೇ ತೋರಿಸುತ್ತದೆ ಎಂದು ವಿವರಿಸುತ್ತಿದ್ದೆ. ಆಗ ಮೂಲೆಯಲ್ಲಿದ್ದ ಹುಡುಗ, ಸಾಮಾನ್ಯವಾಗಿ ಬಾಯಿ ಬಿಡದವನು, “ಅದು ಮೈಲುತುತ್ತ ಅಲ್ವಾ ಟೀಚರ್? ಅದನ್ನ ಹಾಗೇ ಹೊಡೆದ್ರೆ ಎಲೆ ಸುಟ್ಟೋಗುತ್ತೆ. ಅದಕ್ಕೇ ಸುಣ್ಣ ಹಾಕೋದು” ಎಂದ.

ಅವನ ಅಪ್ಪ ತೋಟದಲ್ಲಿ ಬೋರ್ಡೋ ಮದ್ದು ಹೊಡೆಯುವವರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಕಾಫಿಯ ಕೊಳೆರೋಗಕ್ಕೂ ಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ಇಲ್ಲಿ ಎಲ್ಲರ ಬಾಯಲ್ಲಿರುವ ಶೇಕಡ 1ರ ಲೆಕ್ಕ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಗೆಂದು ಪ್ರಕಟಿಸಿದ ಮದ್ದು ಇದು.

ಸುಣ್ಣ ಸಾಕಾಯಿತೆಂದು ಹೇಗೆ ಗೊತ್ತಾಗುತ್ತೆ ಎಂದೆ. “ಕತ್ತಿ ಅದ್ದಿ ನೋಡೋದು. ಕೆಂಪಗೆ ಹಿಡಿದ್ರೆ ಇನ್ನೂ ಸುಣ್ಣ ಬೇಕು.”

ಪಾಠದ ದಾರಿ ಅಲ್ಲೇ ಬದಲಾಯಿತು. ಸ್ವಲ್ಪ ದ್ರಾವಣ ಬೇರೆ ಮಾಡಿ, ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಮೊಳೆ ಇಳಿಸಿದೆವು. ನೋಡನೋಡುತ್ತಲೇ ತಾಮ್ರ ಹತ್ತಿಕೊಂಡು ಕೆಂಪಗಾಯಿತು. ಇನ್ನೊಂದು ಪಾಲಿಗೆ ಸುಣ್ಣದ ಹಾಲು ಜಾಸ್ತಿಯೇ ಬೆರೆಸಿದಾಗ ತಿಳಿನೀಲಿ ಗಂಜಿಯಂತಾಯಿತು; ಹೊಸ ಮೊಳೆಗೆ ಏನೂ ಹಿಡಿಯಲಿಲ್ಲ. ಕರಗಿದ್ದ ತಾಮ್ರ ಗಟ್ಟಿಯಾಗಿ ಕೂತುಬಿಟ್ಟ ಮೇಲೆ ಮೊಳೆಗೆ ಸಿಗುವುದೇನು! ಬೋರ್ಡೋವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಯಾಕೆ ಕಲಸುವುದಿಲ್ಲ ಎಂಬುದನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ. ಸುಣ್ಣ ಹುಳಿಯನ್ನು ತಣಿಸುವುದು, ಕಬ್ಬಿಣ ತಾಮ್ರವನ್ನು ಹೊರದಬ್ಬುವುದು: ಪಠ್ಯಪುಸ್ತಕ ಎರಡು ಬೇರೆ ಅಧ್ಯಾಯಗಳಲ್ಲಿ ಹೇಳುವ ಸಂಗತಿ ತೋಟದ ಡ್ರಮ್ಮಿನೊಳಗೆ ಒಟ್ಟಿಗೇ ನಡೆಯುತ್ತದೆ. ಕೊಡಗಿನ ಮಕ್ಕಳಿಗೆ ಈ ಪಾಠವನ್ನು ಅಲ್ಲಿಂದಲೇ ಶುರು ಮಾಡಬೇಕೆಂಬುದು ನನ್ನ ಹಠ.

ಉಳಿದ ನೀಲಿಯನ್ನು ಪಿಂಗಾಣಿ ಬಟ್ಟಲಲ್ಲಿ ಕಾಯಿಸಿ ಗಟ್ಟಿ ಮಾಡಿ ಹರಳಾಗಲು ಇಟ್ಟೆವು. ಹರಳೇನೋ ಬಂತು, ಒಣಗಬೇಕಲ್ಲ? ಉಪ್ಪಿನ ಡಬ್ಬಿಯೇ ನೀರೊಡೆಯುವ ಊರು. ಬಿಸಿಯೂಟದ ಒಲೆ ಪಕ್ಕ ಇಡೋಣ ಎಂದರು ಮಕ್ಕಳು. ಇದು ವಿಷ, ಅಡುಗೆಮನೆ ಹೊಸ್ತಿಲು ದಾಟಕೂಡದು ಎಂದು ಗದರಿದೆ. ಕೊನೆಗೆ, ಬೂಷ್ಟು ಹಿಡಿಯದಿರಲೆಂದು ಬಲ್ಬ್ ಹಾಕಿಟ್ಟಿದ್ದ ಬೀರುವಿನಲ್ಲಿ, ಕರೆಂಟ್ ಇದ್ದಾಗಲೆಲ್ಲ ಒಣಗಿತು.

ಹುಡುಗ ಒಂದಷ್ಟು ಲಿಟ್ಮಸ್ ಕೇಳಿ ತೆಗೆದುಕೊಂಡು ಹೋಗಿದ್ದ. ಮಳೆ ಬಿಡುವು ಕೊಟ್ಟು ತೋಟದಲ್ಲಿ ಮದ್ದು ಹೊಡೆದ ಮರುದಿನ ಬಂದು ವರದಿ ಒಪ್ಪಿಸಿದ: “ಕೆಂಪು ಪೇಪರ್ ನೀಲಿ ಆಯ್ತು ಟೀಚರ್. ಕತ್ತಿಗೂ ಏನೂ ಹಿಡೀಲಿಲ್ಲ. ಆದ್ರೆ ಅಪ್ಪ, ಒದ್ದೆ ಕೈಯಲ್ಲಿ ಈ ಪೇಪರ್ ಹಿಡ್ಕೊಳ್ಳೋದು ಯಾರು, ಕತ್ತಿನೇ ಸಾಕು ಅಂದ್ರು.”