ಡಾಂಟೆ ಬೀದಿಯ ಆಸುಪಾಸು

ಕೆನಡಾದ ಮಾಂಟ್ರಿಯಲ್ ನಗರವನ್ನು ಪೂರ್ವ, ಪಶ್ಚಿಮ ಎಂದು ಎರಡಾಗಿ ಸೀಳುವ ಸೇಂಟ್ ಲಾರೆಂಟ್ ರಸ್ತೆಯಲ್ಲಿ ಉತ್ತರಕ್ಕೆ ನಡೆಯುತ್ತ ಹೋದರೆ, ಫ್ರೆಂಚ್ ಫಲಕಗಳ ನಡುವೆ ಇಟಾಲಿಯನ್ ಹೆಸರುಗಳು ಹೆಚ್ಚುತ್ತವೆ. 1956ರಿಂದ ನಡೆಯುತ್ತಿರುವ ಕೆಫೆ ಇಟಾಲಿಯಾ ಕಂಡರೆ ಲಿಟಲ್ ಇಟಲಿ ಬಂತೆಂದೇ ಲೆಕ್ಕ. ಒಳಗೆ ವಯಸ್ಸಾದ ಗಂಡಸರು ಪುಟ್ಟ ಲೋಟದ ಕಾಫಿಯನ್ನು ನಿಂತೇ ಮುಗಿಸಿ, ಟಿವಿಯಲ್ಲಿನ ಫುಟ್‌ಬಾಲ್ ಪಂದ್ಯದ ಬಗ್ಗೆ ಏರುದನಿಯಲ್ಲಿ ವಾದಿಸುತ್ತಿದ್ದರು.

ಇಲ್ಲಿನ ಹಲವು ಕುಟುಂಬಗಳ ಮೂಲ ದಕ್ಷಿಣ ಇಟಲಿಯ ಮೊಲಿಸೆ ಪ್ರಾಂತ. ಅಲ್ಲಿನ ಕಾಸಾಕಲೆಂಡಾ ಊರಿನ ಬಳಿ ಮೇರಿ ಮಾತೆ ದರ್ಶನ ಕೊಟ್ಟಳೆಂಬ ನಂಬಿಕೆಯನ್ನೂ ವಲಸಿಗರು ಜೊತೆಗೇ ತಂದರು. 1919ರ ಹೊತ್ತಿಗೆ ಅವಳ ಹೆಸರಿನಲ್ಲೇ ಮಡೊನ್ನಾ ದೆಲ್ಲಾ ದಿಫೇಸಾ ಚರ್ಚ್ ಎದ್ದಿತು. ಬಲಿಪೀಠದ ಮೇಲೆ ಗ್ವಿದೊ ನಿಂಕೇರಿ ಬರೆದ ದೊಡ್ಡ ಭಿತ್ತಿಚಿತ್ರವಿದೆ. ಕತ್ತೆತ್ತಿ ನಿಧಾನವಾಗಿ ನೋಡಿದೆ. ದೇವದೂತರು, ಸಂತರು, ಪೋಪ್; ಅವರೆಲ್ಲರ ಕೆಳಗೆ ಕುದುರೆಯೇರಿದ ಇಟಲಿಯ ಸರ್ವಾಧಿಕಾರಿ ಮುಸೊಲಿನಿ!

1929ರಲ್ಲಿ ಇಟಲಿ ಮತ್ತು ವ್ಯಾಟಿಕನ್ ಮಾಡಿಕೊಂಡ ಒಪ್ಪಂದದ ನೆನಪಿಗೆ ಬರೆಸಿದ ಚಿತ್ರವದು. 1940ರ ಜೂನ್‌ನಲ್ಲಿ ಇಟಲಿ ಜರ್ಮನಿಯ ಪರವಾಗಿ ಎರಡನೇ ಮಹಾಯುದ್ಧಕ್ಕಿಳಿದಾಗ ಕೆನಡಾ ಸರ್ಕಾರ ನೂರಾರು ಇಟಾಲಿಯನ್ನರನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿತು. ನಿಂಕೇರಿಯೂ ಅವರಲ್ಲೊಬ್ಬರು. ಮೊದಲ ಕರಡಿನಲ್ಲಿ ಮುಸೊಲಿನಿ ಇರಲಿಲ್ಲ, ಬರೆಸಿದವರ ಒತ್ತಾಯಕ್ಕೆ ಸೇರಿದ್ದು ಎಂದು ಅವರ ಪತ್ನಿ ಕರಡುಗಳನ್ನು ತೋರಿಸಿ ಬಿಡಿಸಿಕೊಳ್ಳಬೇಕಾಯಿತು. ಆ ಬಂಧನಗಳಿಗಾಗಿ ಕೆನಡಾ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2021ರಲ್ಲಿ. ಯುದ್ಧಕಾಲದಲ್ಲಿ ಮುಚ್ಚಿಟ್ಟಿದ್ದ ಚಿತ್ರವನ್ನು ಆಮೇಲೆ ಅಳಿಸದೆ ಉಳಿಸಿಕೊಂಡದ್ದು ಸರಿಯೆಂದೇ ನನ್ನ ಅಭಿಪ್ರಾಯ. ಈತ ಇಲ್ಲೇಕೆ ಎಂದು ಮಕ್ಕಳು ಕೇಳಿದಾಗ ಹಿರಿಯರು ಆ ಕಹಿ ವರ್ಷಗಳನ್ನೂ ಹೇಳಲೇಬೇಕಾಗುತ್ತದೆ.

ಡಾಂಟೆ ಬೀದಿಯಲ್ಲಿರುವ ಹಳೆಯ ಹಾರ್ಡ್‌ವೇರ್ ಅಂಗಡಿ ಅಡುಗೆಮನೆ ಸಾಮಾನಿಗೆ ಹೆಸರುವಾಸಿ. ಟೊಮೆಟೊ ರಸ ತೆಗೆಯುವ ಯಂತ್ರ ನನ್ನ ಕಣ್ಣು ಸೆಳೆಯಿತು. ಮೇಲಿನ ಬಟ್ಟಲಿಗೆ ಬೆಂದ ಹಣ್ಣು ಹಾಕಿ ಹಿಡಿಕೆ ತಿರುಗಿಸಿದರೆ, ಜಾಲರಿಯಿಂದ ರಸ ಇಳಿಯುತ್ತದೆ. ಸಿಪ್ಪೆ, ಬೀಜ ತುದಿಯಿಂದ ಹೊರಬೀಳುತ್ತವೆ. ನಮ್ಮಲ್ಲಿ ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆಗೆ ಮನೆಮಂದಿಯೆಲ್ಲ ಕೂಡುವಂತೆ, ಆಗಸ್ಟ್ ಕೊನೆಯಲ್ಲಿ ಇವರು ಗ್ಯಾರೇಜಿನಲ್ಲಿ ಕೂಡಿ ವರ್ಷಕ್ಕಾಗುವಷ್ಟು ರಸವನ್ನು ಬಾಟಲಿಗಿಳಿಸುತ್ತಾರೆ.

ನಿಜ ಹೇಳಬೇಕೆಂದರೆ, ಇಟಾಲಿಯನ್ನರಲ್ಲಿ ಬಹುಪಾಲು ಈಗ ಈ ಬೀದಿಗಳಲ್ಲಿ ವಾಸವಿಲ್ಲ. ಮಹಾಯುದ್ಧದ ನಂತರ ಬಹಳಷ್ಟು ಮಂದಿ ಸೇಂಟ್ ಲಿಯೊನಾರ್ಡ್‌ನಂಥ ಬಡಾವಣೆಗಳಲ್ಲಿ ಹಿತ್ತಿಲಿರುವ ಮನೆ ಮಾಡಿಕೊಂಡು ಹೋದರು. ಹೋದವರೂ ಪೂಜೆಗೆ, ಕಾಫಿಗೆ, ಟೊಮೆಟೊ ಬುಟ್ಟಿಗೆ ಇಲ್ಲಿಗೇ ಬರುತ್ತಾರೆ. ಕೇರಿಯ ಜೀವ ಉಳಿದಿರುವುದು ಅವರಿಂದಲೇ.

1933ರಲ್ಲಿ ತೆರೆದ ಜಾನ್ ತಾಲೊನ್ ಮಾರುಕಟ್ಟೆ ಇಲ್ಲಿಂದ ಕೂಗಳತೆಯ ದೂರ. ಪಕ್ಕದ ಪಾರ್ಕ್ ಎಕ್ಸ್‌ಟೆನ್ಷನ್‌ನಲ್ಲಿ ದಕ್ಷಿಣ ಏಷ್ಯಾದವರು ಹೆಚ್ಚು. ಸಲ್ವಾರ್ ತೊಟ್ಟ ಹೆಂಗಸೊಬ್ಬರು ಮತ್ತು ಕಪ್ಪು ಸ್ವೆಟರಿನ ಇಟಾಲಿಯನ್ ಅಜ್ಜಿ ಒಂದೇ ಬುಟ್ಟಿಯ ಬದನೆಕಾಯಿಗಳನ್ನು ಒತ್ತಿ ನೋಡಿ ಆರಿಸುತ್ತಿದ್ದರು. ಇಬ್ಬರೂ ಚೌಕಾಸಿ ಮಾಡಿದ್ದು ಫ್ರೆಂಚಿನಲ್ಲಿ. ಫಾರ್ಮುಲಾ ಒನ್ ರೇಸಿನ ದಿನಗಳಲ್ಲಿ ಇಲ್ಲಿ ಸಾಲುಗಟ್ಟುವ ಫೆರಾರಿ ಕಾರುಗಳನ್ನು ನೋಡಲು ಜನ ಮುಗಿಬೀಳುತ್ತಾರಂತೆ. ಈ ಕಡೆ ಹೋಗುವವರಿಗೆ ನಾನಂತೂ ಸೆಪ್ಟೆಂಬರನ್ನೇ ಸೂಚಿಸುತ್ತೇನೆ: ಟೊಮೆಟೊ ಇನ್ನೂ ಮುಗಿದಿರುವುದಿಲ್ಲ, ಮನೆಯಲ್ಲೇ ವೈನ್ ಮಾಡುವವರಿಗಾಗಿ ದ್ರಾಕ್ಷಿ ಪೆಟ್ಟಿಗೆಗಳು ಬಂದಿಳಿಯತೊಡಗಿರುತ್ತವೆ.