ಐವತ್ತು ಅಡಿಯ ದೋಟಿ ಮತ್ತು ಕಲ್ಪನಾ ಚಾವ್ಲಾ

ಅಡಿಕೆ ಕೊಯ್ಲಿಗೆ ದೋಟಿ, ಎಂದರೆ ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು, ಹಿಡಿದವರಿಗೆ ಗೊತ್ತು, ಬುಡದಲ್ಲಿ ಕೈ ಒಂದಿಂಚು ಸರಿದರೆ ತುದಿಯ ಕತ್ತಿ ಗೊನೆ ಬಿಟ್ಟು ಸೋಗೆಗೆ ಹೋಗಿರುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮಕ್ಕಳಿಗೆ ಕಲ್ಪನಾ ಚಾವ್ಲಾ ವಿಷಯ ಹೇಳುವಾಗ ಅಲ್ಲಿಂದಲೇ ಸುರು ಮಾಡಬಹುದು. ಕರ್ನಾಲಿನಲ್ಲಿ ಹುಟ್ಟಿದರು, ಬಾಹ್ಯಾಕಾಶಕ್ಕೆ ಹೋದ ಭಾರತ ಮೂಲದ ಮೊದಲ ಮಹಿಳೆ, 2003ರ ಫೆಬ್ರವರಿ 1ರಂದು ತೀರಿಹೋದರು. ಇಷ್ಟು ಎಲ್ಲರಿಗೂ ಬಾಯಿಪಾಠ. ಅಲ್ಲಿ ಹೋಗಿ ಮಾಡಿದ ಕೆಲಸ ಏನು ಎಂಬುದನ್ನು ಮಾತ್ರ ನಾವು ಹೇಳಿಕೊಡುವುದೇ ಇಲ್ಲ.

1997ರ ನವೆಂಬರ್ 19ರಂದು ಕೊಲಂಬಿಯಾ ನೌಕೆಯಲ್ಲಿ ಹೊರಟ ಅವರ ಹೊಣೆಗೆ ಸಿಕ್ಕಿದ್ದು 15 ಮೀಟರ್, ಎಂದರೆ 50 ಅಡಿ ಉದ್ದದ ಯಂತ್ರದ ತೋಳು. ಅದಕ್ಕೆ ಆರು ಕೀಲು. ತುದಿಯಲ್ಲಿ ಡಬ್ಬಿಯಂಥ ಬಾಯಿ, ಅದರೊಳಗೆ ಮೂರು ಸರಿಗೆಯ ಕುಣಿಕೆ. ಉಪಗ್ರಹದ ಮೈಮೇಲಿನ ಗೂಟ ಆ ಬಾಯಿಯೊಳಗೆ ಬಂದಾಗ ಸರಿಗೆಗಳು ತಿರುಚಿ ಬಿಗಿಯುತ್ತವೆ, ಆಮೇಲೆ ಒಳಕ್ಕೆಳೆದು ಕೂರಿಸುತ್ತವೆ. ಬಿಗಿದ ಸೂಚನೆ ಬಂದರೆ ಮಾತ್ರ ಹಿಡಿತ ಸಿಕ್ಕಿದ ಲೆಕ್ಕ.

21ರಂದು ಸೂರ್ಯನ ಕರೋನಾ, ಎಂದರೆ ಅದರ ಹೊರ ಆವರಣ, ನೋಡಬೇಕಿದ್ದ ಸ್ಪಾರ್ಟನ್ ಉಪಗ್ರಹವನ್ನು ಅವರು ಹೊರಗೆ ಬಿಟ್ಟರು. ಬಿಟ್ಟ ಮೇಲೆ ಅದು ತಾನಾಗಿ ಒಮ್ಮೆ ತಿರುಗಿ ತೋರಿಸಬೇಕಿತ್ತು. ತಿರುಗಲಿಲ್ಲ. ಮರಳಿ ಹಿಡಿಯಲು ಹೋದರೆ ಬಿಗಿದ ಸೂಚನೆ ಬರಲಿಲ್ಲ. ತೋಳನ್ನು ಹಿಂದೆ ತೆಗೆಯುವಾಗ ಸ್ಪಾರ್ಟನ್ ಸೆಕೆಂಡಿಗೆ ಸುಮಾರು 2 ಡಿಗ್ರಿಯಂತೆ ಸುತ್ತತೊಡಗಿತು. ಮೂರು ನಿಮಿಷಕ್ಕೊಂದು ಸುತ್ತು, ಕೇಳಲು ನಿಧಾನವೇ. ಆದರೆ ದೋಟಿ ತಾಗಿದ ಕಂಗು (ಅಡಿಕೆ ಮರ) ಅಲ್ಲಾಡಿ ಸುಮ್ಮನಾಗುತ್ತದೆ, ಅದಕ್ಕೆ ಬೇರಿದೆ. ಅಲ್ಲಿ ಒಂದು ಟನ್ನಿಗೂ ಮಿಕ್ಕಿದ ವಸ್ತುವನ್ನು ತಡೆಯಲು ಗಾಳಿಯೂ ಇಲ್ಲ. ನೌಕೆಯನ್ನೇ ಅದರ ಸುತ್ತಿಗೆ ಹೊಂದಿಸಲು ಕಮಾಂಡರ್ ಕೆವಿನ್ ಕ್ರೆಗೆಲ್ ಪ್ರಯತ್ನಿಸಿದರು, ಅದನ್ನೂ ಕೈಬಿಡಬೇಕಾಯಿತು. 24ರಂದು ವಿನ್‌ಸ್ಟನ್ ಸ್ಕಾಟ್ ಮತ್ತು ತಕಾವೊ ದೋಯಿ ಹೊರಗಿಳಿದು ಬರಿಗಣ್ಣಿನ ಅಂದಾಜಿನಲ್ಲಿ, ಕೈಯಲ್ಲೇ ಅದನ್ನು ಹಿಡಿದರು. ಆ ದಿನ ಅವರು ಹೊರಗಿದ್ದದ್ದು 7 ಗಂಟೆ 43 ನಿಮಿಷ.

ತಪ್ಪು ಚಾವ್ಲಾ ಅವರದ್ದೇ ಎಂಬ ಮಾತು ಆಗ ಬೇಗ ಹಬ್ಬಿತು. ಬಿಡುವ ಮೊದಲು ಸ್ಪಾರ್ಟನ್‌ಗೆ ಹೋಗಬೇಕಿದ್ದ ಒಂದು ಆದೇಶ ಹೋಗಿರಲಿಲ್ಲ, ನಿಜ. ಆದರೆ ತಂತ್ರಾಂಶ ಮಾಹಿತಿ ತೋರಿಸುತ್ತಿದ್ದ ರೀತಿಯಲ್ಲೂ, ಸಿಬ್ಬಂದಿಗೂ ನೆಲದ ನಿಯಂತ್ರಣದವರಿಗೂ ಬರೆದುಕೊಟ್ಟಿದ್ದ ಕ್ರಮದಲ್ಲೂ ದೋಷವಿತ್ತೆಂದು ನಾಸಾ ತನಿಖೆ ಹೇಳಿ ಅವರನ್ನು ದೋಷಮುಕ್ತಗೊಳಿಸಿತು. ಮಕ್ಕಳಿಂದ ಈ ಭಾಗ ಮುಚ್ಚಿಡುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಅವರನ್ನು ಎರಡನೇ ಯಾನಕ್ಕೆ ಆರಿಸಿದರಲ್ಲ, ಅದರ ತೂಕ ಮತ್ತೆ ಹೇಗೆ ಗೊತ್ತಾಗಬೇಕು?

ಆ ಯಾನ 2003ರ ಜನವರಿ 16ರದ್ದು. ಹಾರಿದ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನಿಂದ ಮುಕ್ಕಾಲು ಕಿಲೋದಷ್ಟು ಫೋಮ್ ಕಳಚಿ ಎಡ ರೆಕ್ಕೆಯ ಅಂಚಿಗೆ ಬಡಿಯಿತು. ಅಂಚಿನ ಫಲಕ ಕಾರ್ಬನ್ನಿನದ್ದು. ನಮ್ಮ ಕಾರ್ಬನ್ ದೋಟಿಯೂ ಕಾರ್ಬನ್ ಎಳೆಗೆ ರಾಳ ಸೇರಿಸಿ ಮಾಡಿದ್ದು. ಅಲ್ಲಿ ರಾಳದ ಜಾಗದಲ್ಲೂ ಕಾರ್ಬನ್ನೇ. 1,600 ಡಿಗ್ರಿ ಶಾಖ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಅದೇ ವರ್ಷ ಜುಲೈ 7ರಂದು ಅಂಥದೇ ಫಲಕಕ್ಕೆ ಫೋಮ್ ಹೊಡೆದು ನೋಡಿದಾಗ 40 ಸೆಂಟಿಮೀಟರಿನಷ್ಟು ತೂತು ಬಿತ್ತು. ಮರಳುವಾಗ ಬಿಸಿ ಅನಿಲ ನುಗ್ಗಿದ್ದು ಅಂಥ ಬಿರುಕಿನಿಂದಲೇ. ನೌಕೆ ಒಡೆದು ಚೂರಾದಾಗ ಇಳಿಯಲು ಉಳಿದದ್ದು 16 ನಿಮಿಷ.

ಫೆಬ್ರವರಿ 5ರಂದು ಇಸ್ರೋದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ಕಲ್ಪನಾ-1 ಎಂದು ಹೆಸರಿಟ್ಟರು. ಸಮಭಾಜಕದ ಮೇಲೆ, 74 ಡಿಗ್ರಿ ಪೂರ್ವದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ನಿಂತಿತ್ತು. ಕಾಸರಗೋಡು ಇರುವುದು 75ರ ಆಸುಪಾಸಿನಲ್ಲಿ. 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಕಲಸಿಟ್ಟು ಅಡಿಕೆಗೆ ಮದ್ದು ಬಿಡಲು ಮಳೆಯ ಹೊಳವು ಕಾಯುವ ನಮ್ಮ ತೋಟದವರ ನೆತ್ತಿಯ ಮೇಲಿನ ಮೋಡಗಳನ್ನು ಅದು ವರ್ಷಗಟ್ಟಲೆ ನೋಡುತ್ತಲೇ ಇತ್ತು.