ಎರಡನೆಯ ವರ್ಷದ ಖರ್ಚು

ನನ್ನ ತಮ್ಮನ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಅವನಿಗೆ ಆಗಷ್ಟೇ ನಾಲ್ಕು ವರ್ಷ ತುಂಬಿತ್ತು. ಈಗ ಚಿಕಿತ್ಸೆಯ ಎರಡನೆಯ ವರ್ಷ ನಡೆದಿದೆ. ತಲೆತುಂಬ ಕೂದಲು ಬಂದಿದೆ, ಮನೆಯೊಳಗೆಲ್ಲ ಓಡಾಡುತ್ತಾನೆ, ಪಾಟಿಯ ಮೇಲೆ ಅಕ್ಷರ ತಿದ್ದುತ್ತಾನೆ. ಅವನನ್ನು ನೋಡಿದವರೆಲ್ಲ ‘ದೇವರು ದೊಡ್ಡವನು, ಎಲ್ಲಾ ಮುಗೀತಲ್ಲ’ ಎನ್ನುತ್ತಾರೆ. ಮುಗಿದಿಲ್ಲ. ಯಾಕೆ ಮುಗಿದಿಲ್ಲ, ಮುಗಿಯುವವರೆಗೆ ಒಂದು ಸಣ್ಣ ಸಂಬಳದ ಮನೆ ನಡೆಯಲು ಏನೇನು ಬೇಕಾಗುತ್ತದೆ ಎನ್ನುವುದನ್ನು ನಮ್ಮ ಬಂಧುಬಳಗಕ್ಕೂ ಮುಂಬೈಯ ಕನ್ನಡಿಗರಿಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಾವು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ತಮ್ಮ ನವಿ ಮುಂಬೈಯ ವಾಶಿಯ ಎಪಿಎಂಸಿಯ ಕಾಂದಾ-ಬಟಾಟಾ (ಈರುಳ್ಳಿ-ಆಲೂಗಡ್ಡೆ) ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿಯ ಬಳಿ ಲೆಕ್ಕ ಬರೆಯುತ್ತಾನೆ, ನಾನು ಡೊಂಬಿವಲಿಯಲ್ಲಿದ್ದೇನೆ. ಮಗುವಿಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ರಾತ್ರಿ ಕಾಲು ನೋವೆಂದು ಅಳುತ್ತಿದ್ದ. ಟೈಫಾಯ್ಡ್ ಇರಬಹುದೆಂದು ಔಷಧಿ ನಡೆದಿತ್ತು. ಒಂದು ದಿನ ಸ್ನಾನ ಮಾಡಿಸುವಾಗ ಮೊಣಕಾಲಿನ ಕೆಳಗೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು ಕಂಡವು. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ತೀರಾ ಇಳಿದಾಗ ಚರ್ಮದಡಿಯಲ್ಲಿ ರಕ್ತ ಹೀಗೆ ಜಿನುಗುತ್ತದೆ ಎಂದು ಆಮೇಲೆ ತಿಳಿಯಿತು. ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು ಅದೇ ದಿನ ಪರೇಲಿನ ಟಾಟಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಅಸ್ಥಿಮಜ್ಜೆಯ ಪರೀಕ್ಷೆಯಾಗಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದು ನಿಶ್ಚಯವಾಯಿತು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ, ಎರಡರಿಂದ ಐದು ವರ್ಷದೊಳಗಿನವರಲ್ಲೇ ಹೆಚ್ಚು. ಸರಿಯಾದ ಚಿಕಿತ್ಸೆ ಪೂರ್ತಿಯಾಗಿ ಸಿಗುವ ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ಈ ‘ಪೂರ್ತಿಯಾಗಿ’ ಎನ್ನುವುದರಲ್ಲೇ ನಮ್ಮಂಥವರ ಕಷ್ಟವೆಲ್ಲ ಅಡಗಿದೆ.

ಔಷಧಿಯ ಬೆಲೆಯಿಂದಲೇ ಮನೆ ಮುಳುಗುತ್ತದೆ ಎಂದು ನಾವೆಲ್ಲ ಭಯಪಟ್ಟಿದ್ದೆವು. ಹಾಗಾಗಲಿಲ್ಲ. 1941ರಲ್ಲಿ ಟಾಟಾ ಟ್ರಸ್ಟ್ ಕಟ್ಟಿದ ಈ ಆಸ್ಪತ್ರೆ 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಅಡಿಯಲ್ಲಿದೆ, ಸಾಮಾನ್ಯ ವರ್ಗದ ರೋಗಿಗಳಿಗೆ ಇಲ್ಲಿ ದರ ಬಹಳ ಕಡಿಮೆ. ಅದಲ್ಲದೆ ಈ ಕಾಯಿಲೆಯ ಮುಖ್ಯ ಔಷಧಿಗಳಲ್ಲಿ ಹಲವು ಹಳೆಯವು, ಅಗ್ಗದವು. ವಿಂಕ್ರಿಸ್ಟಿನ್ ಎಂಬ ಚುಚ್ಚುಮದ್ದನ್ನು ಕಾಶಿಕಣಗಿಲೆ ಗಿಡದಿಂದ ತೆಗೆಯುತ್ತಾರೆ. ನಮ್ಮೂರ ಹನುಮಪ್ಪನ ಗುಡಿಯ ಮುಂದೆ ಯಾರೂ ನೀರೆರೆಯದಿದ್ದರೂ ಅದು ಹೂ ಬಿಡುತ್ತಿರುತ್ತದೆ. ಇನ್ನೊಂದು ಔಷಧಿಯಾದ ಮೆಥೊಟ್ರೆಕ್ಸೇಟ್ ಮಾತ್ರೆಯ ಹಿಂದೆ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕದ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಶ್ರಮವಿದೆ. ಅವರ ತಂಡ ಕೊಟ್ಟ ಇದೇ ಜಾತಿಯ ಅಮಿನೊಪ್ಟೆರಿನ್ ಔಷಧಿಯಿಂದ ಮಕ್ಕಳ ರಕ್ತದ ಕ್ಯಾನ್ಸರ್ ಕೆಲಕಾಲವಾದರೂ ಇಳಿಯಿತೆಂದು ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. ನಮ್ಮ ಹುಡುಗ ವಾರಕ್ಕೊಮ್ಮೆ ನುಂಗುವ ಆ ಸಣ್ಣ ಹಳದಿ ಮಾತ್ರೆಯನ್ನು ಕಂಡಾಗಲೆಲ್ಲ ಅವರನ್ನು ನೆನೆಯುತ್ತೇನೆ.

ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ? ಮೊದಲ ತಿಂಗಳುಗಳಲ್ಲಿ ರಕ್ತಕ್ಕೆ, ಸೋಂಕಿಗೆ. ಕೀಮೋ ಕೆಟ್ಟ ಕಣಗಳನ್ನು ಕೊಲ್ಲುವಾಗ ಒಳ್ಳೆಯ ಕಣಗಳೂ ಸಾಯುತ್ತವೆ. ‘ಕೌಂಟ್’, ಅಂದರೆ ರಕ್ತಕಣಗಳ ಸಂಖ್ಯೆ, ಬಿದ್ದಾಗ ಜ್ವರ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆ ಸೇರಬೇಕು. ಶಿಲೀಂಧ್ರದ ಸೋಂಕಾದರೆ ಅದರ ಚುಚ್ಚುಮದ್ದು ಕೀಮೋಗಿಂತ ದುಬಾರಿ. ಯಂತ್ರದ ಮೂಲಕ ಒಬ್ಬನೇ ದಾನಿಯಿಂದ ತೆಗೆಯುವ ಪ್ಲೇಟ್‌ಲೆಟ್ಟಿನ ಒಂದು ಚೀಲಕ್ಕೆ ಹೊರಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು ಬೇಕು. ಅದನ್ನು ತಂದು ಇಟ್ಟುಕೊಳ್ಳುವಂತೆಯೂ ಇಲ್ಲ, ಐದು ದಿನದಲ್ಲಿ ಕೆಡುತ್ತದೆ. ದುಡ್ಡಿದ್ದರೂ ದಾನಿ ಸಿಗಬೇಕಲ್ಲ. ಇಲ್ಲಿ ನಮ್ಮ ಕೈ ಹಿಡಿದವರು ಮಾಟುಂಗಾದ ಕಡೆಯ ಕನ್ನಡಿಗರ ಹೋಟೆಲುಗಳ ಹುಡುಗರು. ಹಿಂದಿನ ರಾತ್ರಿ ಶಟರ್ ಎಳೆದು, ಪಾತ್ರೆ ತೊಳೆದು ಮಲಗಿದವರು ಬೆಳಿಗ್ಗೆ ಎದ್ದು ಬಂದು, ಎರಡೂ ಕೈಗೆ ಸೂಜಿ ಚುಚ್ಚಿಸಿಕೊಂಡು ಒಂದೂವರೆ ತಾಸು ಯಂತ್ರದ ಪಕ್ಕ ಅಲುಗಾಡದೆ ಮಲಗಿ, ಕೊಟ್ಟ ಬಿಸ್ಕತ್ತು ತಿಂದು ಮತ್ತೆ ಕೆಲಸಕ್ಕೆ ಹೋದರು. ಬಸ್ಸಿನ ಚಾರ್ಜನ್ನೂ ತೆಗೆದುಕೊಳ್ಳಲಿಲ್ಲ.

ಸರ್ಕಾರದ ಯೋಜನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಮ್ಮ ಜನ ಇಲ್ಲಿಯೇ ಎಡವುತ್ತಾರೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕಿದ್ದ ಒಂದೂವರೆ ಲಕ್ಷದ ಮಿತಿಯನ್ನು ಐದು ಲಕ್ಷಕ್ಕೆ ಏರಿಸುವ ತೀರ್ಮಾನ 2023ರಲ್ಲಾಯಿತು. ಆದರೆ ಅದಕ್ಕೆ ಈ ರಾಜ್ಯದ ರೇಷನ್ ಕಾರ್ಡೋ ವಾಸದ ಪ್ರಮಾಣಪತ್ರವೋ ಬೇಕು. ಎಷ್ಟೋ ವರ್ಷಗಳಿಂದ ಇಲ್ಲಿ ದುಡಿಯುತ್ತಿರುವ ನಮ್ಮವರ ಹೆಸರು ಇನ್ನೂ ಊರಿನ ಕಾರ್ಡಿನಲ್ಲೇ ಇರುತ್ತದೆ, ತಮ್ಮನದೂ ಹಾಗೆಯೇ ಇತ್ತು. ಮಗುವಿಗೆ ಸಲೈನ್ ಏರುತ್ತಿದ್ದಾಗ ಅವನು ಇಂಡಿಗೆ ಹೋಗಿ ಹೆಸರು ತೆಗೆಸಿ, ಇಲ್ಲಿಯ ರೇಷನ್ ಕಚೇರಿಯ ಮುಂದೆ ನಿಲ್ಲಬೇಕಾಯಿತು. ಊರಿನಲ್ಲಿ ಆಯುಷ್ಮಾನ್ ಕಾರ್ಡ್ ಆಗಿದ್ದವರಿಗೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ಅದು ನಡೆಯುತ್ತದೆ. ಕಾಯಿಲೆ ಬರುವ ಮೊದಲೇ ಈ ಕಾಗದಪತ್ರ ಸರಿಮಾಡಿಟ್ಟುಕೊಳ್ಳಿ ಎಂದು ಮಾರ್ಕೆಟ್ಟಿನ ಹಮಾಲರಿಗೆ ನಾನು ಈಗ ಹೋದಲ್ಲೆಲ್ಲ ಹೇಳುತ್ತೇನೆ.

ಆದರೆ ಯಾವ ಯೋಜನೆಯೂ ಭರಿಸದ ಖರ್ಚುಗಳಿವೆ. ತಮ್ಮನ ಚಾಳಿನ ಖೋಲಿಯ ಗೋಡೆ ಮಳೆಗಾಲವಿಡೀ ತೇವವಿರುತ್ತಿತ್ತು, ಮೂಲೆಯಲ್ಲಿ ಕಪ್ಪು ಬೂಸ್ಟು ಹಿಡಿದಿತ್ತು. ಇಂಥ ಮನೆಯಲ್ಲಿ ಈ ಮಗುವನ್ನು ಇಟ್ಟುಕೊಳ್ಳಬೇಡಿ ಎಂದರು ವೈದ್ಯರು. ಒಣಗಿದ, ಗಾಳಿಯಾಡುವ ಖೋಲಿಗೆ ಬಾಡಿಗೆ ಹೆಚ್ಚು, ಡಿಪಾಸಿಟ್ ಬೇರೆ. ಕೌಂಟ್ ಕಡಿಮೆಯಿದ್ದಾಗ ಕುರ್ಲಾದಲ್ಲಿ ಗಾಡಿ ಬದಲಿಸಿ ಲೋಕಲ್ಲಿನ ಗದ್ದಲದಲ್ಲಿ ಪರೇಲಿಗೆ ಕರೆದುಕೊಂಡು ಹೋಗುವಂತಿಲ್ಲ. ಕ್ಯಾನ್ಸರ್ ರೋಗಿಗಳಿಗೂ ಅಂಗವಿಕಲರಿಗೂ ಬಿಟ್ಟ ಡಬ್ಬಿಯೂ ಆ ಹೊತ್ತಿನಲ್ಲಿ ತುಂಬಿರುತ್ತದೆ. ಆದ್ದರಿಂದ ಟ್ಯಾಕ್ಸಿ. ತಂದೆ ಆಸ್ಪತ್ರೆಯಲ್ಲಿ ಕಳೆದ ದಿನಕ್ಕೆ ಪಗಾರವಿಲ್ಲ. ತಾಯಿ ಮಾಡುತ್ತಿದ್ದ ಹೊಲಿಗೆ ನಿಂತಿದೆ. ಕುದಿಸಿ ಆರಿಸಿದ ನೀರು, ಆಗಿಂದಾಗ ಮಾಡಿದ ಅಡುಗೆ, ಪ್ರತಿದಿನ ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಎಲ್ಲದಕ್ಕೂ ಗ್ಯಾಸು, ಕರೆಂಟು. ಒಂದೊಂದೂ ಸಣ್ಣದು, ಯಾರ ಮುಂದೆಯೂ ಕೈಚಾಚಿ ಕೇಳುವಂಥದ್ದಲ್ಲ. ಆದರೆ ತಿಂಗಳ ಕೊನೆಗೆ ಕೂಡಿದರೆ ಸಂಬಳವನ್ನು ಮೀರುತ್ತವೆ.

ಮೊದಲ ತಿಂಗಳು ಸ್ಟೀರಾಯ್ಡ್ ಕೊಡುತ್ತಿದ್ದ ದಿನಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮುಖ ಊದಿಕೊಂಡು, ಹೊಟ್ಟೆ ಮುಂದೆ ಬಂದು, ನಮ್ಮ ಹುಡುಗನೇ ಹೌದೋ ಅಲ್ಲವೋ ಎನ್ನುವಂತಾಗಿದ್ದ. ನಡುರಾತ್ರಿ ಎದ್ದು ಕೂತು, ‘ಅತ್ತಿ, ರೊಟ್ಟಿ ಬೇಕು, ಈಗ ಬೇಕು’ ಎಂದು ಅಳುತ್ತಿದ್ದ. ಮುಂದೆ ಬೇರೆ ಔಷಧಿಯಿಂದ ಬಾಯಿತುಂಬ ಹುಣ್ಣಾದಾಗ ಅದೇ ರೊಟ್ಟಿಯನ್ನು ಮುಟ್ಟಲೂ ಆಗಲಿಲ್ಲ. ಅವನ ತಾಯಿ ಬಿಸಿ ಜೋಳದ ರೊಟ್ಟಿಯನ್ನು ಚೂರುಮಾಡಿ ಹಾಲಿನಲ್ಲಿ ನೆನೆಸಿ, ಬೆರಳಿನಿಂದ ಹಿಚುಕಿ, ಎಳ್ಳಷ್ಟೂ ಗಟ್ಟಿ ಉಳಿದಿಲ್ಲವೆಂದು ತಾನೇ ನಾಲಿಗೆಗೆ ಇಟ್ಟು ನೋಡಿ, ಆಮೇಲೆ ಚಮಚದ ತುದಿಯಲ್ಲಿ ಉಣಿಸುತ್ತಿದ್ದಳು. ಆ ಕಾಲದಲ್ಲಿ ನೆಂಟರಿಷ್ಟರು ಸುಮ್ಮನಿರಲಿಲ್ಲ. ಊರಿನಿಂದ ಹಣ ಬಂತು, ಮಾರ್ಕೆಟ್ಟಿನಲ್ಲಿ ಪಟ್ಟಿ ಎತ್ತಿದರು. ಆ ಋಣವನ್ನು ನಾವು ಮರೆತಿಲ್ಲ.

ಆಮೇಲೆ ಮಗು ಚೇತರಿಸಿಕೊಂಡಿತು, ಫೋನುಗಳು ನಿಂತವು. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ; ಕಾಯಿಲೆಯ ಸ್ವಭಾವವೇ ನೋಡುವವರನ್ನು ನಂಬಿಸುವಂಥದ್ದು. ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಲಕ್ಷ ಕೋಟಿಯಷ್ಟು ಕೆಟ್ಟ ಕಣಗಳಿರಬಹುದು. ಮೊದಲ ಹಂತದ ನಂತರ ಮಜ್ಜೆಯಲ್ಲಿ ಅವು ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ ಕಾಯಿಲೆ ಇಳಿದಿದೆ ಎನ್ನುತ್ತಾರೆ. ಇಳಿದಿದೆ ಎಂದರೆ ಹೋಗಿದೆ ಎಂದಲ್ಲ, ಸೂಕ್ಷ್ಮದರ್ಶಕಕ್ಕೆ ಕಾಣದಂತೆ ಕೋಟಿಗಟ್ಟಲೆ ಉಳಿದಿರಬಹುದು. ಅವುಗಳಿಗಾಗಿಯೇ ಮುಂದಿನ ಹಂತಗಳು, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧಿ ಕೊಡುವ ಬೆನ್ನಿನ ಸೂಜಿ, ಕೊನೆಗೆ ಕಾಯಿಲೆ ಮರಳದಂತೆ ಮಾತ್ರೆ ಕೊಡುತ್ತ ವರ್ಷಗಟ್ಟಲೆ ನಡೆಯುವ ಮೇಂಟೆನೆನ್ಸ್. ಅಷ್ಟೂ ಸೇರಿ ಎರಡರಿಂದ ಎರಡೂವರೆ ವರ್ಷವಾಗುತ್ತದೆ. ನಡುವೆ ಬಿಟ್ಟರೆ ಕಾಯಿಲೆ ಮರಳುವ ಅಪಾಯ ಬಹಳ, ಮರಳಿದ್ದನ್ನು ಇಳಿಸುವುದು ಮೊದಲಿಗಿಂತ ಕಠಿಣ, ಖರ್ಚೂ ಹೆಚ್ಚು.

ಓಪಿಡಿಯಲ್ಲಿ ಕಲಬುರಗಿ ಕಡೆಯ ಒಬ್ಬ ತಂದೆಯ ಪರಿಚಯವಾಯಿತು. ಅವರಿಗೆ ಹಿಂದಿ ಬಾರದು, ಮರಾಠಿ ಬಾರದು. ಎತ್ತಿನ ಜೋಡಿ ಮಾರಿ ಬಂದಿದ್ದರು. ಮೊದಲ ಹಂತ ಮುಗಿದು ಮಗಳು ಆಡತೊಡಗಿದ ಕೂಡಲೇ ಅವರು ಗಂಟುಮೂಟೆ ಕಟ್ಟಿದ್ದರು. ‘ಈಗ ಚಲೋ ಆಗ್ಯಾಳಲ್ರೀ ಅಕ್ಕಾರ, ಬಿತ್ತಿಗಿ ದಿನ ಬಂದಾವ, ಇಲ್ಲಿ ಕುಂತು ತಿನ್ನೂದರ ಏನು?’ ಎಂದು ಕೇಳಿದರು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಹೇಳಿದ್ದನ್ನು ನಾನು ಕನ್ನಡದಲ್ಲಿ ಮತ್ತೆ ಮತ್ತೆ ಹೇಳಿದೆ. 2006ರಲ್ಲಿ ಮುಂಬೈಯಲ್ಲಿ ಆರಂಭವಾದ ಸೇಂಟ್ ಜೂಡ್ ಸಂಸ್ಥೆ ಹೊರಊರಿನ ಇಂಥ ಮಕ್ಕಳಿಗೂ ತಂದೆತಾಯಿಗೂ ಪುಕ್ಕಟೆ ವಸತಿ ಕೊಡುತ್ತದೆ. ಅಲ್ಲಿ ಜಾಗ ಸಿಕ್ಕಿತು, ಅವರು ಉಳಿದರು. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯ ಟಿಕೆಟ್ಟು ಪುಕ್ಕಟೆ, ಜೊತೆಗಿರುವವರಿಗೆ ನೂರಕ್ಕೆ 75ರಷ್ಟು ರಿಯಾಯಿತಿಯಿದೆ ಎನ್ನುವುದೂ ಅವರಿಗೆ ಗೊತ್ತಿರಲಿಲ್ಲ, ದುಡ್ಡು ಕೊಟ್ಟೇ ಬಂದಿದ್ದರು. ಕನ್ನಡ ಬಲ್ಲವರು ವಾರಕ್ಕೊಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಕೂತು, ಅರ್ಜಿ ತುಂಬಿಕೊಟ್ಟರೆ ಸಾಕು, ಎಷ್ಟೋ ಮನೆಗಳು ನಡುದಾರಿಯಲ್ಲಿ ಚಿಕಿತ್ಸೆ ಬಿಡುವುದು ತಪ್ಪುತ್ತದೆಂದು ನನ್ನ ದೃಢ ನಂಬಿಕೆ.

ಈಗ ಮನೆಯಲ್ಲಿ ನಡೆದಿರುವುದು ಮಾತ್ರೆಯ ಕಾಲ. ಮರ್ಕ್ಯಾಪ್ಟೊಪ್ಯೂರಿನ್ ಎಂಬ ಕೀಮೋ ಮಾತ್ರೆ ದಿನವೂ ರಾತ್ರಿ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಇದನ್ನು ಮರೆತು ದಿನವೂ ಕೊಟ್ಟರೆ ಜೀವಕ್ಕೇ ಅಪಾಯ. ಕೌಂಟ್ ನೋಡಿ ವೈದ್ಯರು ಪ್ರಮಾಣ ಬದಲಿಸುತ್ತಾರೆ: ಒಂದು ದಿನ ಅರ್ಧ ಮಾತ್ರೆ, ಮರುದಿನ ಮುಕ್ಕಾಲು. ಅವನ ತಾಯಿ ಓದಿದ್ದು ಏಳನೆಯ ಇಯತ್ತೆಯವರೆಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಮೆಥೊಟ್ರೆಕ್ಸೇಟಿನ ದಿನಕ್ಕೆ ಅರಿಶಿನದ ಬೊಟ್ಟು ಇಟ್ಟಿದ್ದಾಳೆ. ಅರ್ಧ ಮಾತ್ರೆಗೆ ಅರ್ಧ ಚಂದ್ರ ಬರೆದು, ಕೊಟ್ಟಾದ ಮೇಲೆ ಗೀಟು ಎಳೆಯುತ್ತಾಳೆ. ತುಂಡುಮಾಡಿದ ಮಾತ್ರೆಯ ಪುಡಿ ಕೈಗಂಟದಂತೆ ಗ್ಲೌಸ್ ಹಾಕಿಕೊಳ್ಳುತ್ತಾಳೆ. ಯಾವ ನರ್ಸಿಗಿಂತಲೂ ಅವಳು ಕಡಿಮೆಯಿಲ್ಲ.

ಆದ್ದರಿಂದ ‘ನಾವೇನು ಮಾಡಬಹುದು’ ಎಂದು ಇನ್ನೂ ಕೇಳುವ ನಮ್ಮವರಿಗೆ ನನ್ನ ಉತ್ತರ ಈಗ ಒಂದೇ. ಹಣ್ಣು, ಆಟಿಕೆ, ಒಟ್ಟಿಗೆ ದೊಡ್ಡ ಮೊತ್ತ ಏನೂ ಬೇಡ; ಒಬ್ಬೊಬ್ಬರು ಒಂದೊಂದು ತಿಂಗಳ ಬಾಡಿಗೆಯನ್ನು, ಇಲ್ಲವೇ ಒಂದು ತಿಂಗಳ ಟ್ಯಾಕ್ಸಿಯನ್ನು ನೇರವಾಗಿ ಹೊತ್ತುಕೊಳ್ಳಿ. ತಮ್ಮ ಮೊದಲು ಒಪ್ಪಿರಲಿಲ್ಲ. ‘ಅಕ್ಕಾ, ಎಷ್ಟು ದಿನ ಅಂತ ಮಂದಿ ಕಡೆ ಕೇಳೂದು?’ ಎಂದ. ‘ಮಾತ್ರಿ ಮುಗಿಯೂತನ’ ಎಂದೆ. ಅಡುಗೆಮನೆಯ ಗೋಡೆಯಲ್ಲಿ, ಆ ಕ್ಯಾಲೆಂಡರಿನ ಪಕ್ಕದಲ್ಲೇ, ತಿಂಗಳುಗಳ ಹೆಸರು ಬರೆದು ಹಚ್ಚಿದ್ದೇವೆ. ದಸರೆಯವರೆಗಿನ ಬಾಡಿಗೆಯನ್ನು ಸೊಲ್ಲಾಪುರದ ಸೋದರಮಾವನೂ ಮಾರ್ಕೆಟ್ಟಿನ ಇಬ್ಬರು ಗೆಳೆಯರೂ ಹಂಚಿಕೊಂಡಿದ್ದಾರೆ. ದೀಪಾವಳಿಯ ನಂತರದ ತಿಂಗಳುಗಳ ಮುಂದೆ ಇನ್ನೂ ಯಾರ ಹೆಸರೂ ಇಲ್ಲ, ಅದಕ್ಕಾಗಿ ಈ ವಾರ ಊರಿಗೆ ಫೋನು ಮಾಡುವವಳಿದ್ದೇನೆ.